ಕಲ್ಲುಕೊಡಲಿಯ ತವರು

ಬೆಳಗಿನ ಪೇಪರಿನಲ್ಲಿ ಹೊಸ ಮೇಡಂ ಫೋಟೋ ಕಂಡಿದ್ದೇ ತಡ, ಕಲ್ಲು ಮೇಷ್ಟ್ರಿಗೆ ಕಾಫಿ ಕಹಿಯಾಯಿತು. ವಸ್ತುಸಂಗ್ರಹಾಲಯದಲ್ಲಿ ಇಪ್ಪತ್ತು ವರ್ಷ ಕಲ್ಲು ಪರೀಕ್ಷಿಸಿ ಆ ಅಡ್ಡಹೆಸರು ಗಳಿಸಿದವರು ಅವರು. ಮೊನ್ನೆ ಮೊನ್ನೆ ಸೇರಿದ ಮೇಡಂ, ಇಲ್ಲೇ ಸಿಕ್ಕಿದ್ದ ನಾಲ್ಕು ಸಾವಿರ ವರ್ಷ ಹಳೆಯ ಕೊಡಲಿಯೊಂದರ ಕಲ್ಲು ನಾನೂರು ಮೈಲಿ ದೂರದ ಬೆಟ್ಟದ್ದು ಎಂದು ಹೇಳಿ ಊರಿಗೆಲ್ಲ ದೊಡ್ಡವರಾಗಿಬಿಟ್ಟಿದ್ದರು. ಫೋಟೋದಲ್ಲಿ ನಗು ಬೇರೆ!

"ನಾನೂರು ಮೈಲಿಯಂತೆ! ಅಷ್ಟು ದೂರದಿಂದ ಯಾರೇ ಹೊತ್ಕೊಂಡ್ ಬರ್ತಾರೆ?" ಎಂದು ಹೆಂಡತಿಯ ಮುಂದೆ ಪೇಪರ್ ಬೀಸಿದರು.

"ಹುಡುಗಿ ಲಕ್ಷಣವಾಗಿದಾಳೆ ಅಲ್ವಾ?" ಎಂದಳು ಆಕೆ.

ಉರಿಯುವ ಬೆಂಕಿಗೆ ತುಪ್ಪ ಸುರಿದಂತಾಯಿತು. ಮೇಷ್ಟ್ರು ದುಸುಮುಸು ಎನ್ನುತ್ತ ಕ್ವಾರ್ಟರ್ಸಿನ ಹಿತ್ತಲಿಗೆ ಹೋದರು. ಅಲ್ಲಿ ಅತ್ತೆ ಬಂಡೆಯ ಮೇಲೆ ಬಟ್ಟೆ ಒಗೆಯುತ್ತಿದ್ದರು. ಒದ್ದೆ ಬಂಡೆ ಕಡುಹಸಿರಾಗಿ, ಬಿಳಿ ಚುಕ್ಕೆ ಚುಕ್ಕೆಯಾಗಿ ಹೊಳೆಯಿತು. ಥೇಟ್ ಕೊಡಲಿಯದೇ ಕಲ್ಲು! ಮೇಷ್ಟ್ರು ಮಂಡಿಯೂರಿ ಒಂದು ಒಣ ಮೂಲೆಯನ್ನು ನೆಕ್ಕಿಯೇಬಿಟ್ಟರು. ನಾಲಿಗೆ ತಾಗಿಸಿ ಹರಳು ನೋಡುವುದು ಅವರ ಕಸುಬಿನವರ ಹಳೇ ಚಾಳಿ.

ಪಕ್ಕದ ಮನೆಯಾಕೆ ಗೋಡೆಯ ಮೇಲಿಂದ ಕೂಗಿದಳು: "ಅಮ್ಮಾ, ನಿಮ್ಮ ಅಳಿಯಂದ್ರು ಬಂಡೆ ನೆಕ್ತಿದಾರೆ!"

"ಈಗ ತಾನೇ ಹೊಟ್ಟೆ ತುಂಬ ತಿಂಡಿ ಕೊಟ್ಟಿದೀವಮ್ಮಾ!" ಎಂದು ಅತ್ತೆ ಮನೆತನದ ಮಾನ ಕಾಪಾಡಿದರು.

ಮೇಷ್ಟ್ರು ಸುತ್ತಿಗೆ ತಂದು ಬಂಡೆಗೆ ಬಡಿದರು. ಒಂದು ಚೂರು ಕೈಗೆ ಸಿಕ್ಕಿತು, ಇನ್ನೊಂದು ಹಾರಿ ಪಕ್ಕದ ಮನೆಯ ಕಿಟಕಿ ಗಾಜು ಒಡೆಯಿತು. ಬೈಗುಳ ಬೆನ್ನ ಹಿಂದೆ ಬರುತ್ತಿದ್ದರೂ ಅವರು ಲುಂಗಿಯಲ್ಲೇ ಪ್ರಯೋಗಾಲಯಕ್ಕೆ ಓಡಿದರು. ಚೂರನ್ನು ಕಾಗದಕ್ಕಿಂತ ತೆಳ್ಳಗೆ ಉಜ್ಜಿ, ಕೊಡಲಿಯ ತುಣುಕಿನ ಪಕ್ಕ ಸೂಕ್ಷ್ಮದರ್ಶಕದಲ್ಲಿಟ್ಟರು. ಹರಳಿಗೆ ಹರಳು ಹೊಂದಿಕೆಯಾಯಿತು.

ಮಧ್ಯಾಹ್ನದ ಸಭೆಯಲ್ಲಿ ಎದ್ದು ನಿಂತರು. "ನಾನೂರು ಮೈಲಿ ಯಾಕೆ ಸಾರ್? ನಾನೂರು ಹೆಜ್ಜೆ ಸಾಕು. ಆ ಕಲ್ಲು ನಮ್ಮ ಹಿತ್ತಲಲ್ಲೇ ಇದೆ!"

ಮೇಡಂ ಮುಖ ಬಾಡುವುದನ್ನು ಕಣ್ತುಂಬ ನೋಡಬೇಕೆಂದು ತಿರುಗಿದರು. ಮೇಡಂ ಸೂಕ್ಷ್ಮದರ್ಶಕದಲ್ಲಿ ಇಣುಕಿ, "ಅಯ್ಯೋ, ಹೌದು ಸಾರ್! ನಂದೇ ತಪ್ಪು. ಎಷ್ಟು ಚೆನ್ನಾಗಿ ಹಿಡಿದ್ರಿ!" ಎಂದು ಚಪ್ಪಾಳೆ ತಟ್ಟಿದರು. ಮೇಷ್ಟ್ರಿಗೆ ಗೆದ್ದ ಖುಷಿಯೇ ಹೋಯಿತು.

"ಶಭಾಷ್!" ಎಂದರು ನಿರ್ದೇಶಕರು. "ಹಾಗಾದ್ರೆ ಕೊಡಲಿ ಮಾಡ್ತಿದ್ದ ಜಾಗಾನೂ ಅಲ್ಲೇ ಇರ್ಬೇಕು. ನಾಳೆಯಿಂದಲೇ ಅಗೆಯೋಣ. ನೀವು ಇವತ್ತೇ ಕ್ವಾರ್ಟರ್ಸ್ ಖಾಲಿ ಮಾಡಿ."

ಮೇಷ್ಟ್ರು ಒಂದು ಹೆಜ್ಜೆ ಮುಂದೆ ಬಂದರು. "ಉಸ್ತುವಾರಿ ನಂದೇ ತಾನೇ ಸಾರ್?"

"ಕೊಡಲಿ ಮೇಡಂ ಫೈಲಲ್ಲವೇನ್ರೀ? ಬಂಡೇನೂ ಅದೇ ಫೈಲಿಗೆ ಸೇರುತ್ತೆ. ಅವರು ಅಲ್ಲೇ ಉಳ್ಕೊಂಡು ನೋಡ್ಕೊಳ್ಳಲಿ. ನೀವು ಅವರ ರೂಮಿಗೆ ಹೋಗಿ."

ಸಂಜೆಯ ಹೊತ್ತಿಗೆ ಮೇಷ್ಟ್ರು, ಹೆಂಡತಿ, ಅತ್ತೆ, ಐದು ಟ್ರಂಕು, ಎಲ್ಲ ಮೂರನೇ ಮಹಡಿಯ ಒಂದೇ ರೂಮಿನಲ್ಲಿದ್ದರು. ಕಾಲು ಚಾಚಿದರೆ ಅತ್ತೆಗೆ ತಾಗುತ್ತಿತ್ತು.

"ಅಲ್ರೀ, ಅದು ನಾನೂರು ಮೈಲಿ ದೂರದಲ್ಲೇ ಇದ್ದಿದ್ರೆ ನಿಮ್ಮ ಗಂಟೇನು ಹೋಗ್ತಿತ್ತು?" ಎಂದಳು ಹೆಂಡತಿ.

ಮೇಷ್ಟ್ರು ಟ್ರಂಕಿನ ಮೇಲೆ ಬಿಳಿ ಹಾಳೆ ಹರಡಿಕೊಂಡರು.

"ಪೆನ್ನು ಕೊಡೇ. ಮೇಡಂ ಮೊದ್ಲು ಹೇಳಿದ್ದೇ ಸರಿ ಅಂತ ಸಾಧಿಸಬೇಕು."