ಅತ್ತೆಯ ಕ್ಯಾಸೆಟ್ಟು, ಅಳಿಯನ ಕೈ

ಹೆಂಡತಿ: ಕೈ ತೆಗೀರಿ ಅಂದೆ. ಇದು ನಮ್ಮಮ್ಮನ ಕ್ಯಾಸೆಟ್ಟು, ಬಿಚ್ಚಿ ನೋಡಿ ಎಸೆಯೋಕೆ ಇಸ್ತ್ರಿಪೆಟ್ಟಿಗೆ ಅಲ್ಲ.

ಗಂಡ: ಆ ಇಸ್ತ್ರಿಪೆಟ್ಟಿಗೆ ಮೊದಲೇ ಸತ್ತಿತ್ತು. ನಾನು ಪೋಸ್ಟ್‌ಮಾರ್ಟಂ ಮಾಡಿದೆ, ಅಷ್ಟೆ.

(ಊಟದ ಮೇಜಿನ ಮೇಲೆ ಹೊಸ ಯಂತ್ರ ಕೂತಿದೆ. ಸಿ.ಡಿ.ಯೂ ಹಾಡುತ್ತದೆ, ಕ್ಯಾಸೆಟ್ಟೂ ಹಾಡುತ್ತದೆ; ಪಕ್ಕದಲ್ಲಿ ಪೆನ್ ಡ್ರೈವ್ ಚುಚ್ಚಿದರೆ ಕ್ಯಾಸೆಟ್ಟಿನ ದನಿಯನ್ನು ಅದಕ್ಕೆ ಇಳಿಸಿಕೊಡುತ್ತದೆ. ಪೇಟೆಯಿಂದ ಹೊತ್ತು ತಂದವನು ಗಂಡ. ಹೆಂಡತಿ ಎದೆಗೊತ್ತಿಕೊಂಡಿರುವುದು ತೀರಿಹೋದ ತಾಯಿ ಹಿಂದೊಮ್ಮೆ ಅವಳಿಗೆಂದೇ ಮಾತಾಡಿ ಕಳಿಸಿದ ಕ್ಯಾಸೆಟ್ಟು. ಆಕೆಯ ದನಿ ಉಳಿದಿರುವುದು ಅದೊಂದರಲ್ಲೇ. ಗಂಡ ಅದನ್ನು ಕೇಳಿದವನಲ್ಲ. 'ಅಮ್ಮ ಅದರಲ್ಲಿ ಹೇಳಿದ್ದಾರೆ' ಎಂಬ ಮಾತನ್ನು ಮಾತ್ರ ಪ್ರತಿ ಜಗಳದಲ್ಲೂ ತಪ್ಪದೆ ಕೇಳಿದ್ದಾನೆ.)

ಗಂಡ: ಕೊಡೇ ಇಲ್ಲಿ. ಮೊದಲು ಹಲ್ಲು ಮುರೀಬೇಕು.

ಹೆಂಡತಿ: ಯಾರ್ದು?

ಗಂಡ: ನಿಮ್ಮಮ್ಮಂದು.

ಹೆಂಡತಿ: ಅವರು ಬದುಕಿದ್ದಾಗ ಈ ಧೈರ್ಯ ಎಲ್ಲಿ ಹೋಗಿತ್ತು?

ಗಂಡ: ಕ್ಯಾಸೆಟ್ಟಿಂದು ಕಣೇ. ಬೆನ್ನಲ್ಲಿ ಎರಡು ಪ್ಲಾಸ್ಟಿಕ್ ಹಲ್ಲಿದೆ ನೋಡು. ಅದನ್ನ ಮುರಿದುಬಿಟ್ರೆ, ಕೈತಪ್ಪಿ ರೆಕಾರ್ಡ್ ಒತ್ತಿದ್ರೂ ಒಳಗಿರೋದು ಹೋಗಲ್ಲ.

ಹೆಂಡತಿ: ಕೈ ತಪ್ಪುತ್ತೆ ಅಂತ ನೀವೇ ಒಪ್ಪಿಕೊಂಡ್ರಲ್ಲ, ಸಂತೋಷ. ನಮ್ಮಮ್ಮನ ಹಲ್ಲಿನ ತಂಟೆಗೆ ಹೋಗಬೇಡಿ. ಮೊದಲು ನಿಮ್ಮ ಕ್ಯಾಸೆಟ್ಟು ಹಾಕಿ.

(ಗಂಡ ಬೀರುವಿನಿಂದ ತನ್ನದನ್ನು ತಂದ. ಕಾಲೇಜಿನ ವೇದಿಕೆಯಲ್ಲಿ ಹಾಡಿದ್ದು. ಕೊನೆಗೆ ಚಪ್ಪಾಳೆಯೂ ಇದೆಯೆಂದು ಅವನೇ ಹೇಳುತ್ತಾನೆ. ಒಳಗಿಟ್ಟು ದೊಡ್ಡ ಕೆಂಪು ಗುಂಡಿಯನ್ನು ಗತ್ತಿನಿಂದ ಒತ್ತಿದ. ಚಕ್ರ ತಿರುಗಿತು, ಹಾಡು ಬರಲಿಲ್ಲ.)

ಹೆಂಡತಿ: ಇನ್ನೂ ಶ್ರುತಿ ಸೇರಿಸ್ತಾ ಇದ್ದೀರಾ?

ಗಂಡ: ಕಾಪಿ ಆಗುವಾಗ ಕೇಳಿಸಲ್ಲ. ಹಾಡು ಎಷ್ಟು ಹೊತ್ತಿದೆಯೋ ಅಷ್ಟು ಹೊತ್ತು ಸುಮ್ಮನೆ ಕೂತಿರಬೇಕು.

ಹೆಂಡತಿ: ಕಾಲೇಜಿನೋರೂ ಹೀಗೇ ಕೂತಿದ್ರಾ, ಪಾಪ.

(ಕ್ಯಾಸೆಟ್ಟು ಮುಗಿಯಿತು. ಪೆನ್ ಡ್ರೈವಿನಲ್ಲಿ ಏನೂ ಇಲ್ಲ. ಹಿಂದಕ್ಕೆ ಸುತ್ತಿ ಹಾಕಿದರೆ ಕ್ಯಾಸೆಟ್ಟಿನಲ್ಲಿ ಬರೀ ಸುಯ್ ಎಂಬ ಸದ್ದು. ಗಂಡ ಈಗ ಯಂತ್ರದ ಜೊತೆ ಬಂದ ಪುಸ್ತಕ ತೆರೆದ.)

ಗಂಡ: ಕೆಂಪುದು ಕ್ಯಾಸೆಟ್ಟಿಗೆ ತುಂಬೋದಕ್ಕಂತೆ. ಪೆನ್ ಡ್ರೈವಿಗೆ ಪಕ್ಕದ ಈ ಸಣ್ಣ ಗುಂಡಿ. ನನ್ನ ಹಾಡು ಹೋಯ್ತು ಕಣೇ.

ಹೆಂಡತಿ: ಯಂತ್ರಕ್ಕೆ ಸಂಗೀತಜ್ಞಾನ ಇದೆ. ಕೊಟ್ಟ ದುಡ್ಡಿಗೆ ಮೋಸ ಇಲ್ಲ.

(ಅವನ ಮುಖ ಇಳಿದದ್ದು ನೋಡಿ ಅವಳಿಗೆ ಕನಿಕರ ಹುಟ್ಟಿತು. ಅದನ್ನು ಒಪ್ಪಿಕೊಳ್ಳುವ ಹೆಂಗಸಲ್ಲ. ಸುಮ್ಮನೆ ತಾಯಿಯ ಕ್ಯಾಸೆಟ್ಟನ್ನು ಮುಂದೆ ಚಾಚಿದಳು.)

ಹೆಂಡತಿ: ತಗೊಳ್ಳಿ. ಇದೂ ಹೋದ್ರೆ ಹಿಂದೇನೇ ನೀವೂ ಹೋಗಿ.

(ಗಂಡ ಉಸಿರು ಬಿಗಿಹಿಡಿದು ಸಣ್ಣ ಗುಂಡಿ ಒತ್ತಿದ. ಕರಕರ ಸದ್ದು, ಒಂದು ಕೆಮ್ಮು, ಆಮೇಲೆ ಅತ್ತೆಯ ದನಿ.)

ಅತ್ತೆಯ ದನಿ: ಮಗಳೇ, ಹೇಗಿದ್ದೀಯಾ? ನೋಡು, ಅಳಿಯಂದ್ರು ಪಾಪ, ಬಾಯಿಲ್ಲದೋರು. ನಿನ್ನ ನಾಲಿಗೇನ ಸ್ವಲ್ಪ ಹಿಡಿತದಲ್ಲಿಟ್ಕೋ.

ಗಂಡ: ಏನು, ಏನು? ಈ ಮನುಷ್ಯನ್ನ ನಂಬಬೇಡ ಅಂತ ಅಮ್ಮ ಹೇಳಿದ್ದಾರೆ ಅಂತಿದ್ದೆ?

ಹೆಂಡತಿ: ಅದು ಬಿ ಸೈಡಲ್ಲಿ.

ಗಂಡ: ಅದನ್ನೂ ಕೇಳೋಣ. ನನಗೇನು ಆತುರ ಇಲ್ಲ.

(ಗಂಡ ಖುಷಿಯಿಂದ ಯಂತ್ರದ ದನಿ ಏರಿಸಿದ.)

ಅತ್ತೆಯ ದನಿ: ನೀನು ಹೋದ ಮೇಲೆ ಮನೇಲಿ ಜಗಳ ಆಡೋಕೆ ಯಾರೂ ಇಲ್ಲ ಕಣೇ. ನಿನ್ನ ಮಂಚದ ಮೇಲೆ ಹೋಗಿ ಸುಮ್ಮನೆ ಕೂತ್ಕೋತೀನಿ.

(ಹೆಂಡತಿ ಗೋಡೆಯ ಕಡೆ ತಿರುಗಿದಳು.)

ಹೆಂಡತಿ: ಅಳಿಸಿಬಿಟ್ರಿ.

ಗಂಡ: ಇಲ್ಲ ಕಣೇ, ಕೆಂಪು ಗುಂಡಿ ಹತ್ರಾನೂ ಹೋಗಿಲ್ಲ, ನನ್ನಾಣೆ. ಕೇಳು, ಇನ್ನೂ ಮಾತಾಡ್ತಾ ಇದ್ದಾರೆ.

ಹೆಂಡತಿ: ಕ್ಯಾಸೆಟ್ಟನ್ನಲ್ಲ. ನನ್ನನ್ನ.

(ಗಂಡ ಕುರ್ಚಿಯನ್ನು ಅವಳ ಪಕ್ಕಕ್ಕೆ ಎಳೆದುಕೊಂಡು ಕೂತ.)

ಗಂಡ: ಅದು ನಾನಲ್ಲ, ನಿಮ್ಮಮ್ಮ. ನಾನು ಬಾಯಿಲ್ಲದೋನು. ರೆಕಾರ್ಡಾಗಿದೆ.