ಬೇವಿನ ಕಟ್ಟೆಗೆ ಬಿದ್ದ ನಾಲ್ಕು ಮತ

ನಿಯಮ ಮಾಡುವವನು ಮೊದಲು ಅದರಡಿ ತನ್ನನ್ನೇ ನಿಲ್ಲಿಸಿ ನೋಡಬೇಕು. ಈ ಮಾತು ನನಗೆ ಹೊಳೆದದ್ದು ಎಪ್ಪತ್ತೊಂದನೆಯ ವಯಸ್ಸಿನಲ್ಲಿ, ನಮ್ಮ ಅಪಾರ್ಟ್‌ಮೆಂಟಿನ ತಾರಸಿಯ ಮೇಲೆ ಬಲಗೈ ಎತ್ತಿ ನಿಂತಿದ್ದಾಗ. ತೆಲುಗು ಸೀಮೆಯ ಪಟಾನ್‌ಚೆರುವಿನಲ್ಲಿ ಕಾರ್ಖಾನೆಯೊಂದರ ಗೇಟಿನಲ್ಲಿ ಮೂವತ್ತು ವರ್ಷ ಹಾಜರಿ ಬರೆದವನು ನಾನು. ಒಬ್ಬನ ಹಾಜರಿಯನ್ನು ಇನ್ನೊಬ್ಬ ಹಾಕಿಸಲು ನೋಡಿದರೆ, ಬಂದವನನ್ನೂ ಬಾರದವನ ಸಾಲಿಗೇ ಸೇರಿಸುತ್ತಿದ್ದೆ. ಅಂಥವನಿಗೆ ನಮ್ಮ ನಿವಾಸಿಗಳ ಸಂಘದ ಸಭೆಯಲ್ಲಿ ಯಾರ ಬದಲಿಗೋ ಯಾರೋ ಕೈ ಎತ್ತುವುದನ್ನು ಕಂಡು ಸುಮ್ಮನಿರಲಾಗುತ್ತದೆಯೇ? ಹೋದ ವರ್ಷ ಪಟ್ಟು ಹಿಡಿದು ನಿಯಮ ಮಾಡಿಸಿದೆ. ಮತ ಮನೆಯ ಒಡೆಯರದ್ದು. ಬರಲಾಗದವರು ಹೌದೋ ಅಲ್ಲವೋ ಎಂದು ಬರೆದು ಸಹಿ ಮಾಡಿ ಪ್ರಾಕ್ಸಿ ಪತ್ರ ಕಳಿಸಬೇಕು. ತಂದವರು ಅದರಂತೆಯೇ ಕೈ ಎತ್ತಬೇಕು. ಸಭೆ ತಾರಸಿಯಲ್ಲಿ, ಹತ್ತಕ್ಕೆ ಸರಿಯಾಗಿ. ಕೆಳಗೆ ಗದ್ದಲ ಹೆಚ್ಚು.

ಈ ಸಲ ನಾನು ತಂದ ಠರಾವು ಒಂದೇ. ಗೇಟಿನ ಬಳಿ ಬೇವಿನ ಮರದ ಕಟ್ಟೆಯನ್ನು ಒಡೆದು ಎರಡು ಕಾರಿಗೆ ಜಾಗ ಮಾಡಬೇಕು. ಸಂಜೆ ಅಲ್ಲಿ ನಾಲ್ವರು ಹೆಂಗಸರು ಕೂರುತ್ತಾರೆ; ನನ್ನ ಹೆಂಡತಿ ಶಾರದೆ ಅವರಲ್ಲೊಬ್ಬಳು. ನಾಲ್ವರಿಗೂ ಮೊಣಕಾಲು ನೋವು. ಲಿಫ್ಟು ಐದನೆಯ ಮಹಡಿಗೆ ಮುಗಿಯುತ್ತದೆ. ಅಲ್ಲಿಂದ ತಾರಸಿಗೆ ಹದಿನೆಂಟು ಮೆಟ್ಟಿಲು. ಇದು ನನ್ನ ಸಂಚಲ್ಲ. ಮೆಟ್ಟಿಲು ಎಣಿಸಿದ್ದೆ, ಮೊಣಕಾಲು ಎಣಿಸಿರಲಿಲ್ಲ.

ಸಭೆಯ ಬೆಳಿಗ್ಗೆ ಚಪ್ಪಲಿ ಮೆಟ್ಟುವಾಗ ಶಾರದೆ ಆ ನಾಲ್ವರ ಸಹಿಯಿದ್ದ ನಾಲ್ಕು ಪತ್ರ ಕೈಗಿಟ್ಟಳು. ನಾಲ್ಕರಲ್ಲೂ ಒಂದೇ ಸಾಲು: ಕಟ್ಟೆ ಒಡೆಯಬಾರದು.

"ಇದೇನ? ಠರಾವು ನಂದು!" ಎಂದೆ.

"ಠರಾವು ನಿಮ್ದರಿ. ಮನಿ ನನ್ನ ಹೆಸರಿಗೈತಿ."

ಐತಿ, ಸುಳ್ಳಲ್ಲ. ಇಷ್ಟು ವರ್ಷ ನಾನೂ ಪತ್ರವಿಲ್ಲದೆಯೇ ಅವಳ ಬದಲಿಗೆ ಕೈ ಎತ್ತಿದ್ದೆ.

"ಬ್ಯಾರೆ ಯಾರ ಕೈಯಾಗರ ಕಳಸು."

"ಅವರು ಮ್ಯಾಲೆ ಹೋಗಿ ತಮಗ ಬೇಕಾದಂಗ ಕೈ ಎತ್ತತಾರ. ನೀವು ಒಂದಕ್ಷರ ಅತ್ತಿತ್ತ ಮಾಡಾಂಗಿಲ್ಲ, ನಿಮ್ಮ ಕೈಯಾಗ ಕೊಡು ಅಂತ ಎಲ್ಲಾರೂ ಅಂದ್ರು." ಆಮೇಲೆ ದನಿ ತಗ್ಗಿಸಿ, "ಕಟ್ಟಿ ಹೋದ್ರ ನಾವೆಲ್ಲಿ ಕೂಡೋದರಿ? ದಿನಾ ಟಿವಿ ಮುಂದನ?" ಎಂದಳು.

ಸಭೆಯಲ್ಲಿ ಠರಾವನ್ನು ಹತ್ತು ನಿಮಿಷ ಸಮರ್ಥಿಸಿದೆ. ನೆಲದ ಮೇಲೆ ಸೀಮೆಸುಣ್ಣದಿಂದ ಎರಡೂ ಕಾರು ಬರೆದು ತೋರಿಸಿದೆ. ಪರವಾಗಿ ಹತ್ತು ಕೈ, ವಿರುದ್ಧ ಏಳು. ನಾನು ನಾಲ್ಕು ಪತ್ರ ಮೇಜಿನ ಮೇಲಿಟ್ಟು ವಿರುದ್ಧವಾಗಿ ಕೈ ಎತ್ತಿದೆ.

ಅಧ್ಯಕ್ಷರು ಕನ್ನಡಕ ತೆಗೆದರು. "ಸಾರ್, ಪ್ರಪೋಜಲ್ ಮೀದೇ ಕದಾ?"

ಪ್ರಪೋಜಲ್ ನನ್ನದೇ, ಓಟು ನನ್ನದಲ್ಲ ಎಂದು ನನಗೆ ಬಂದಷ್ಟು ತೆಲುಗಿನಲ್ಲಿ ಹೇಳಿದೆ. ಕಟ್ಟೆ ಒಂದು ಮತದಿಂದ ಉಳಿಯಿತು. ಯಾರೂ ನಗಲಿಲ್ಲ, ನಾನು ಮೆಟ್ಟಿಲಿಳಿಯುವ ತನಕ ಕಾದರು.

ಸಂಜೆ ಆರಕ್ಕೆ ಎಂದಿನಂತೆ ನಡೆಯಲು ಹೊರಟೆ. ಕಟ್ಟೆಯ ಮೇಲೆ ನಾಲ್ವರೂ ಇದ್ದರು. ಶಾರದೆ ಸ್ವಲ್ಪ ಸರಿದು, "ಕೂಡ್ರಿ. ಇದಕ್ಕೇನು ಪತ್ರ ಬ್ಯಾಡ" ಎಂದಳು. ಹದಿನೆಂಟು ಮೆಟ್ಟಿಲು ಹತ್ತಿ ಇಳಿದ ನನ್ನ ಮೊಣಕಾಲೂ ಅದನ್ನೇ ಹೇಳುತ್ತಿತ್ತು. ಕೂತೆ. ಎರಡು ಕಾರು ನಿಲ್ಲುವಷ್ಟು ಜಾಗವೆಂದು ಸಭೆಗೆ ಸೀಮೆಸುಣ್ಣದಲ್ಲಿ ತೋರಿಸಿದ್ದೆನಲ್ಲ, ಐದು ಜನಕ್ಕೇ ಇಕ್ಕಟ್ಟಾಯಿತು.