ವೆಂಕಟಗಿರಿಯವರ ಕೊನೆಯ ವಾಕಿಂಗ್

ಎಲ್ಲ ತಾಪತ್ರಯಕ್ಕೂ ಮೂಲ ಐದನೆಯ ಒಬ್ಬಟ್ಟು. ಹಿಂದಿನ ಯುಗಾದಿಯ ದಿನ ವಿಜಯನಗರದ ವೆಂಕಟಗಿರಿಯವರು ನಾಲ್ಕಕ್ಕೇ ಎಲೆ ಮಡಿಸಿ ಎದ್ದಿದ್ದರೆ ಈ ಕತೆ ಹುಟ್ಟುತ್ತಲೇ ಇರಲಿಲ್ಲ. ಐದನೆಯದರ ಮೇಲೆ ತುಪ್ಪ ಸುರಿದುಕೊಳ್ಳುತ್ತಿದ್ದಾಗ ಅವರ ಫೋನ್ ಹೊಡೆದುಕೊಂಡಿತು. ಕೈ ಎಂಜಲಾಗಿತ್ತೆಂದು ಹೆಂಡತಿ ಸೀತಾ ಎತ್ತಿಕೊಂಡರು. ಹಬ್ಬದ ದಿನವೂ ಬಿಡುವಿಲ್ಲದ ಲ್ಯಾಬಿನ ಹುಡುಗಿ, "ಸಾರ್‌ಗೆ ಶುಗರ್ ಜಾಸ್ತಿ ಇದೆ ಅಂತ ಮೊನ್ನೇನೇ ಹೇಳಿದ್ವಲ್ಲ ಮೇಡಂ, ಡಾಕ್ಟರ್ ಹತ್ರ ತೋರಿಸಿದ್ರಾ?" ಎಂದಳು.

ಸೀತಾ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿರುತ್ತಿತ್ತು. ಇದೇ ಸಕ್ಕರೆ ಕಾಯಿಲೆ ಅವರ ತಂದೆಯ ಕಾಲಿನ ಎರಡು ಬೆರಳು ತಿಂದಿತ್ತು, ಅದನ್ನು ನೋಡಿದವರು ಬೈಯುವ ಹಂತ ದಾಟಿರುತ್ತಾರೆ. ಗಂಡನಿಗೆ ಕೈ ತೊಳೆಯಲು ಹೇಳಿ, ನೇರವಾಗಿ ದೇವರ ಮನೆಗೆ ಕರೆದುಕೊಂಡು ಹೋದರು.

"ದೀಪದ ಮುಂದೆ ಹೇಳಿ. ಒಂದು ವರ್ಷ ದಿನಾ ಬೆಳಿಗ್ಗೆ ನಡೀತೀನಿ, ಸಿಹಿ ಮುಟ್ಟಲ್ಲ ಅಂತ. ಒಂದೇ ಒಂದು ದಿನ ತಪ್ಪಿದ್ರೂ, ಒಂದು ಚೂರು ಬಾಯಿಗೆ ಬಿದ್ರೂ, ಲೆಕ್ಕ ಮೊದಲಿಂದ."

"ವರ್ಷ ತುಂಬಿದ್ಮೇಲೆ?"

"ನಾನೇ ಕೈಯಾರೆ ಒಬ್ಬಟ್ಟು ಮಾಡಿ ಬಡಿಸ್ತೀನಿ. ಎರಡು."

"ಮೂರು. ತುಪ್ಪ?"

"ತುಪ್ಪಾನೂ ಹಾಕ್ತೀನಿ. ಈಗ ಹೇಳಿ."

ಅವರು ಹೇಳಿದರು. ಐದನೆಯ ಒಬ್ಬಟ್ಟು ಅಷ್ಟರಲ್ಲಿ ಪಕ್ಕದ ಮನೆಯ ಪಾಲಾಗಿತ್ತು.

ಸುದ್ದಿ ತಿಳಿದ ಅಳಿಯ ಸಿದ್ಧಾರ್ಥ ಹೆಜ್ಜೆ ಎಣಿಸುವ ವಾಚೊಂದನ್ನು ಕಳುಹಿಸಿದ. ಅದರ ಆಯುಸ್ಸು ಮೂರೇ ದಿನ. ನಾಲ್ಕನೆಯ ಬೆಳಿಗ್ಗೆ ವೆಂಕಟಗಿರಿಯವರು ಉಯ್ಯಾಲೆಯ ಮೇಲೆ ಕೂತು, ಒಂದು ಕೈಯಲ್ಲಿ ಪೇಪರ್ ಹಿಡಿದು, ವಾಚು ಕಟ್ಟಿದ ಇನ್ನೊಂದು ಕೈಯನ್ನು ಬೀಸಣಿಗೆಯಂತೆ ಆಡಿಸುತ್ತಿದ್ದುದು ಸೀತಾ ಕಣ್ಣಿಗೆ ಬಿತ್ತು. ವಾಚು ಬೀರು ಸೇರಿತು. ಅದರ ಜಾಗಕ್ಕೆ ಸೀತಾ ಹಾಕಿದ ಏರ್ಪಾಡಿಗೆ ಬ್ಯಾಟರಿ ಬೇಕಿರಲಿಲ್ಲ. ಮೂಡಲಪಾಳ್ಯದ ಸರ್ಕಲ್ಲಿನಲ್ಲಿ ಹೂ ಮಾರುವ ಚಿಕ್ಕಲಕ್ಷ್ಮಮ್ಮನ ಹತ್ತಿರ ದಿನಾ ನಡೆದು ಹೋಗಿ, ದೇವರಿಗೆ ಒಂದು ಮೊಳ ಸೇವಂತಿಗೆ ತರಬೇಕು. ಅವಳು ಮಾತ್ರ ಬಾಳೆನಾರಿನಲ್ಲಿ ಹೂ ಕಟ್ಟುತ್ತಾಳೆ, ಉಳಿದವರದೆಲ್ಲ ದಾರ. ಹಾಗಾಗಿ ಮನೆ ಹತ್ತಿರದ ಹೂವು ತಂದು ಕಣ್ಣಿಗೆ ಮಣ್ಣೆರಚುವಂತಿರಲಿಲ್ಲ. ಹೂವು ದೇವರಿಗೆ ಏರಿದ ಮೇಲೆ ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಆ ತಾರೀಖಿನ ಮೇಲೆ ಸೀತಾ ಒಂದು ಕುಂಕುಮದ ಬೊಟ್ಟು ಇಡುತ್ತಿದ್ದರು.

ಹೀಗೆ ವರ್ಷ ಸಾಗಿತು. ಮಳೆಯಲ್ಲಿ ಕೊಡೆ ಹಿಡಿದು ನಡೆದರು, ಕೆಮ್ಮಿದ್ದಾಗ ಮಫ್ಲರ್ ಸುತ್ತಿ ನಡೆದರು. ನಡುವೆ ಅಧಿಕ ಮಾಸ ಬಂದು, ಸೀತಾ ಸಂಪ್ರದಾಯ ಬಿಡದೆ ಅಳಿಯನಿಗೆ ಮೂವತ್ತಮೂರು ಕಜ್ಜಾಯ ದಾನ ಕೊಟ್ಟಾಗ, ಮಾವ ಒಂದೊಂದನ್ನೂ ಕಣ್ಣಿನಲ್ಲೇ ಬೀಳ್ಕೊಟ್ಟು ಮೂಗಿಗೆ ಟವೆಲ್ ಒತ್ತಿಕೊಂಡು ಹೊರಗೆ ಹೋಗಿ ನಿಂತರು. ಸಕ್ಕರೆ ಇಳಿಯಿತು, ಪ್ಯಾಂಟು ಸಡಿಲವಾಯಿತು, ಬೆಲ್ಟಿಗೆ ಹೊಸ ತೂತು ಬಿತ್ತು. ನಿಜ ಹೇಳಬೇಕೆಂದರೆ ಬೆಳಗಿನ ಆ ನಡಿಗೆ ಅವರಿಗೆ ಹಿಡಿಸಿಯೂ ಬಿಟ್ಟಿತ್ತು. ಆದರೆ ಅದನ್ನು ಒಪ್ಪಿಕೊಂಡರೆ ಒಬ್ಬಟ್ಟಿನ ಕೇಸು ದುರ್ಬಲವಾಗುತ್ತದೆಂದು ಬಾಯಿ ಬಿಟ್ಟಿರಲಿಲ್ಲ.

ಅವರು ಖಾಸಗಿ ಶಾಲೆಯೊಂದರ ಆಫೀಸ್ ಸೂಪರಿಂಟೆಂಡೆಂಟ್, ತಾರೀಖಿನಲ್ಲಿ ತಪ್ಪುವವರಲ್ಲ. ಮಾರ್ಚ್ ಇಪ್ಪತ್ತೆರಡಕ್ಕೆ ಶುರುವಾದದ್ದು ಇಪ್ಪತ್ತೊಂದಕ್ಕೆ ಮುಗಿಯಬೇಕು. ಈ ಸಲ ಯುಗಾದಿ ಏಪ್ರಿಲ್ಲಿಗೆ ಹೋಗಿರುವುದು ಅವರ ಅದೃಷ್ಟ. ಅವತ್ತು ಮೂರು ಒಬ್ಬಟ್ಟು, ಹಬ್ಬಕ್ಕೆ ಮತ್ತೆ ಒಂದೆರಡು ಎಂದು ಲೆಕ್ಕ ಹಾಕಿ, ಇಪ್ಪತ್ತೊಂದಕ್ಕೆ ರಜೆಯನ್ನೂ ಹಾಕಿದರು. ಸೀತಾ ಮುಂದೆ ಮಾತ್ರ ಉಸಿರೆತ್ತಲಿಲ್ಲ. ಹೂವು ಕೈಗಿಟ್ಟು, ತಟ್ಟೆ ಮುಂದಿಟ್ಟು, ಒಮ್ಮೆಲೇ ಹೇಳುವ ಆಸೆ.

ಅಂತೂ ಆ ಕೊನೆಯ ದಿನ, ರಜೆಯೆಂದು ತುಸು ತಡವಾಗಿ ಗೇಟು ದಾಟಿದ ಕೂಡಲೇ ಎದುರುಮನೆಯ ಜಗದಾಂಬಾ ಹಿಡಿದು ನಿಲ್ಲಿಸಿದರು.

"ಏನ್ ಸಾರ್, ಇವತ್ತು ಶಾಲೆ ಇಲ್ವಾ? ಮೈ ಹುಷಾರಿಲ್ವಾ? ಸೊರಗಿ ಹೋಗಿದೀರ. ಏನಾದ್ರೂ ಇದ್ರೆ ಮುಚ್ಚಿಡ್ಬೇಡಿ."

"ಚೆನ್ನಾಗಿದೀನಮ್ಮ, ವಾಕಿಂಗು."

"ವಾಕಿಂಗಲ್ಲಿ ಇಷ್ಟು ಇಳಿಯಲ್ಲ ಸಾರ್. ನಮ್ಮ ಭಾವನೂ ಹೀಗೇ ವಾಕಿಂಗು ವಾಕಿಂಗು ಅಂತಿದ್ರು." ಭಾವನ ಕಾಯಿಲೆ ಆಸ್ಪತ್ರೆ ತಲುಪುವ ಹೊತ್ತಿಗೆ ಬಿಸಿಲು ಬಲಿತಿತ್ತು. ಭಾವ ಡಿಸ್ಚಾರ್ಜ್ ಆದ ಮೇಲಷ್ಟೇ ವೆಂಕಟಗಿರಿಯವರಿಗೂ ಬಿಡುಗಡೆ ಸಿಕ್ಕಿತು.

ಮೂಡಲಪಾಳ್ಯ ತಲುಪಿ ನೋಡಿದರೆ ಹೂವಿನ ಬುಟ್ಟಿಯ ಜಾಗ ಖಾಲಿ. ಪಕ್ಕದ ಎಳನೀರಿನವನು ಮಚ್ಚು ಆಡಿಸುತ್ತಲೇ ಹೇಳಿದ: "ಚಿಕ್ಕಲಕ್ಷ್ಮಮ್ಮ ಇವತ್ತು ಬರಲ್ಲ ಸಾರ್. ಹೇರೋಹಳ್ಳೀಲಿ ಮಗಳ ಮನೆ ಗೃಹಪ್ರವೇಶ. ನಾಳೆ ಬನ್ನಿ."

ನಾಳೆ! ಇಡೀ ವರ್ಷ ಈಜಿ ದಡದಲ್ಲಿ ಮುಳುಗುವುದೇ? ಬಾಳೆನಾರಿನ ಹೂವಿಲ್ಲದೆ ಬೊಟ್ಟಿಲ್ಲ, ಬೊಟ್ಟಿಲ್ಲದೆ ಒಬ್ಬಟ್ಟಿಲ್ಲ. ವೆಂಕಟಗಿರಿಯವರು ಕೈಚೀಲವನ್ನು ಹೆಗಲಿಗೇರಿಸಿ ಹೇರೋಹಳ್ಳಿಯ ದಿಕ್ಕು ಹಿಡಿದರು.

ಅರ್ಧ ಮೈಲಿ ಹೋಗಿರಬೇಕು, ಪಕ್ಕದಲ್ಲೇ ಒಂದು ಸ್ಕೂಟರ್ ನಿಧಾನವಾಯಿತು. ಅವರದೇ ರಸ್ತೆಯ ಹಾರ್ಡ್‌ವೇರ್ ಅಂಗಡಿಯ ಚನ್ನವೀರೇಶ್. ಚಿನ್ನದಂಥ ಮನುಷ್ಯ. ಪರಿಚಯದವರು ನಡೆಯುವುದನ್ನು ಕಂಡರೆ ಮಾತ್ರ ಅವರ ಕರುಳು ಕಿತ್ತು ಬರುತ್ತದೆ.

"ಇದೇನ್ ಸಾರ್ ಈ ಬಿಸಿಲಲ್ಲಿ! ಹತ್ತಿ, ಹತ್ತಿ."

"ಬೇಡ ಚನ್ನವೀರೇಶ್, ವಾಕಿಂಗು."

"ವಾಕಿಂಗ್ ಬೆಳಿಗ್ಗೆ ತಾನೆ? ಹನ್ನೊಂದು ಗಂಟೆ ಬಿಸಿಲಲ್ಲಿ ಯಾರ್ ಸಾರ್ ವಾಕಿಂಗ್ ಮಾಡ್ತಾರೆ? ಸಂಕೋಚ ಪಡ್ಬೇಡಿ, ಹತ್ತಿ."

"ಹರಕೆ ಇದೆ. ಗಾಡಿ ಹತ್ತೋ ಹಾಗಿಲ್ಲ."

ಚನ್ನವೀರೇಶ್ ಯೋಚಿಸಿದರು. "ಹಾಗಾದ್ರೆ ಎರಡೂ ಕಾಲು ನೆಲಕ್ಕೆ ತಾಗಿಸ್ಕೊಂಡೇ ಕೂತ್ಕೊಳಿ. ನಾನು ನಿಧಾನಕ್ಕೆ ಬಿಡ್ತೀನಿ. ದೇವರಿಗೂ ಸಮಾಧಾನ, ನಂಗೂ ಸಮಾಧಾನ."

ವೆಂಕಟಗಿರಿಯವರು ಹೆಜ್ಜೆ ಚುರುಕು ಮಾಡಿದರು. ಸ್ಕೂಟರೂ ಚುರುಕಾಯಿತು. ಅವರು ನಿಂತರೆ ಅದೂ ನಿಂತಿತು. ಹಿಂದೆ ಒಂದು ಬಸ್ಸು, ಬಸ್ಸಿನ ಹಿಂದೆ ನೀರಿನ ಟ್ಯಾಂಕರು, ಅದರ ಹಿಂದೆ ಅರ್ಧ ಅನ್ನಪೂರ್ಣೇಶ್ವರಿನಗರ ಹಾರನ್ ಒತ್ತುತ್ತಾ ಸಾಲಾಗಿ ನಿಂತಿತು. ಒಬ್ಬ ಆಟೋದವನು ತಲೆ ಹೊರಗೆ ಹಾಕಿ, "ಗುರು, ಮುನಿಸ್ಕೊಂಡಿರೋ ಅಣ್ಣನ್ನ ಮನೇಲಿ ಸಮಾಧಾನ ಮಾಡು, ರೋಡಲ್ಲಿ ಬೇಡ!" ಎಂದ. ಸೊಪ್ಪು ಆರಿಸುತ್ತಿದ್ದ ಹೆಂಗಸೊಬ್ಬಳಿಗೆ ಕನಿಕರ ಬಂತು. "ಪಾಪ, ತಮ್ಮ ಅಷ್ಟೊಂದು ಕರೀತಾವ್ನೆ. ಹೋಗಪ್ಪ, ಆಸ್ತಿ ಜಗಳ ಎಲ್ಲರ ಮನೇಲೂ ಇರ್ತದೆ."

ಬಸ್ಸಿನ ಕಂಡಕ್ಟರ್ ಇಳಿದು ಬರುವುದನ್ನು ಕಂಡು ವೆಂಕಟಗಿರಿಯವರು ಸಂಧಾನಕ್ಕೆ ಇಳಿದರು.

"ಚೀಲನಾದ್ರೂ ಕೊಡಿ ಸಾರ್," ಎಂದು ಚನ್ನವೀರೇಶ್ ಗದ್ಗದರಾದರು, "ಭಾರನಾದ್ರೂ ಇಳೀಲಿ. ಮನೆಗೆ ತಲುಪಿಸ್ತೀನಿ. ಇಲ್ದಿದ್ರೆ ರಾತ್ರಿ ನಂಗೆ ನಿದ್ದೆ ಬರಲ್ಲ."

ಚೀಲ ಸ್ಕೂಟರ್ ಏರಿತು. ಸ್ಕೂಟರ್ ತಿರುಗಿ ಮರೆಯಾದ ಮೇಲೆ ನೆನಪಾಯಿತು, ಪರ್ಸು, ಫೋನು, ಕೊಡೆ ಮೂರೂ ಅದರೊಳಗಿದ್ದವು.

ಕಷ್ಟ ಬಂದರೆ ಒಂಟಿಯಾಗಿ ಬರುವುದಿಲ್ಲ. ಶ್ರೀಗಂಧದ ಕಾವಲಿನಲ್ಲಿ ಅಗೆದು ಬಿಟ್ಟಿದ್ದ ರಸ್ತೆ ದಾಟುವಾಗ ಎಡಗಾಲಿನ ಚಪ್ಪಲಿಯ ಉಂಗುಟ ಕಿತ್ತುಹೋಯಿತು. ಹೊಲಿಸಲು ಕಾಸಿಲ್ಲ. ಚಪ್ಪಲಿಯನ್ನು ಸರ್ ಸರ್ ಎಂದು ಎಳೆಯುತ್ತಾ, ನೆರಳು ಕಂಡಲ್ಲಿ ನಿಲ್ಲುತ್ತಾ, ಹೇರೋಹಳ್ಳಿಯಲ್ಲಿ ಮಾವಿನ ತೋರಣ ಕಟ್ಟಿದ್ದ ಮೂರು ಮನೆ ವಿಚಾರಿಸಿ ನಾಲ್ಕನೆಯದರ ಮುಂದೆ ಬಂದು ನಿಂತರು.

"ಅಯ್ಯೋ, ನಮ್ಮ ವಾಕಿಂಗ್ ಸ್ವಾಮೇರು!" ಚಿಕ್ಕಲಕ್ಷ್ಮಮ್ಮ ಹೊಸ ಸೀರೆಯ ಸೆರಗು ಸಿಕ್ಕಿಸಿಕೊಂಡು ಓಡಿ ಬಂದಳು. "ಕರೀದೇನೇ ಹುಡುಕ್ಕೊಂಡ್ ಬಂದವ್ರಲ್ಲ, ನಮ್ಮ ಪುಣ್ಯ! ನಡ್ಕೊಂಡೇ ಬಂದ್ರಾ? ಎಲೆ ಹಾಕ್ರೋ!"

ಹೂವಿಗಾಗಿ ಬಂದೆ ಎನ್ನಲು ನಾಲಿಗೆ ಏಳಲಿಲ್ಲ. ಕೂರಿಸಿಯೇ ಬಿಟ್ಟರು. ಕೋಸಂಬರಿ, ಹುಳಿ, ಅನ್ನ ಎಲ್ಲ ಸುಖವಾಗಿ ಇಳಿಯಿತು. ಆಮೇಲೆ ಬಂತು ಒಬ್ಬಟ್ಟಿನ ತಟ್ಟೆ. ಬೇಳೆ ಹೂರಣ, ಅಂಚಿನಲ್ಲಿ ಕಂದು ಕಲೆ, ಮೇಲೆ ಹೊಳೆಯುವ ತುಪ್ಪ. ವೆಂಕಟಗಿರಿಯವರು ಎರಡೂ ಕೈಯನ್ನು ಎಲೆಯ ಮೇಲೆ ಕವುಚಿದರು.

ಚಿಕ್ಕಲಕ್ಷ್ಮಮ್ಮನ ಮುಖ ಬಾಡಿತು. "ನಮ್ಮನೇದು ಅಂತ ಬೇಡ್ವಾ ಸ್ವಾಮಿ?"

"ಛೆ ಛೆ, ಹಾಗಲ್ಲಮ್ಮ!" ಅವರಿಗೆ ನಿಜಕ್ಕೂ ಸಂಕಟವಾಯಿತು. ಲ್ಯಾಬಿನ ಹುಡುಗಿಯಿಂದ ಹಿಡಿದು ಬಾಳೆನಾರಿನವರೆಗೆ ಎಲ್ಲವನ್ನೂ ಹೇಳಿದರು. ತನ್ನ ಹೂವು ಒಂದು ವರ್ಷ ಒಬ್ಬ ಗಂಡಸನ್ನು ಕಾವಲು ಕಾದಿತ್ತೆಂದು ಕೇಳಿ ಅವಳು ಬಿದ್ದು ಬಿದ್ದು ನಕ್ಕಳು. ಬಾಗಿಲಿಗೆ ತಂದಿದ್ದ ಸೇವಂತಿಗೆಯಲ್ಲೇ ಮೊಳ ಅಳೆದು ಕೊಟ್ಟಳು, ಅದೇ ನಾರಿನಲ್ಲಿ ಚಪ್ಪಲಿಯನ್ನೂ ಬಿಗಿದಳು. ಬಾಳೆಲೆಯಲ್ಲಿ ಎರಡು ಒಬ್ಬಟ್ಟು ಸುತ್ತಿ ಕೈಗಿಟ್ಟು, "ವರ್ಷ ಮುಗಿದ ತಕ್ಷಣ ತಿನ್ನಿ, ನನ್ನಾಣೆ," ಎಂದಳು.

ವಾಪಸು ದಾರಿಯೇ ನಿಜವಾದ ತಪಸ್ಸು. ಒಬ್ಬಟ್ಟು ಇನ್ನೂ ಬೆಚ್ಚಗಿತ್ತು. ಪೊಟ್ಟಣವನ್ನು ಬಲಗೈಯಲ್ಲಿ ಹಿಡಿದರು, ಎಡಗೈಗೆ ಬದಲಿಸಿದರು, ಬೆನ್ನ ಹಿಂದೆ ಹಿಡಿದುಕೊಂಡರು. ಗಾಳಿ ಹಿಂದಿನಿಂದ ಬೀಸಿ ವಾಸನೆಯನ್ನು ಮೂಗಿಗೇ ತಂದು ಒಪ್ಪಿಸಿತು. ಮೂಡಲಪಾಳ್ಯದಲ್ಲಿ ಒಂದು ಬೆರಳು ಪೊಟ್ಟಣದೊಳಗೆ ತಾನಾಗಿ ಹೊರಟದ್ದನ್ನು ಇನ್ನೊಂದು ಕೈ ಹಿಡಿದು ಎಳೆಯಿತು.

ಸಂಜೆ ನಾಲ್ಕರ ಹೊತ್ತಿಗೆ ಅವರು ತಮ್ಮ ಗೇಟು ತೆರೆದರು. ಬಲಗಾಲು ಒಳಗಿಟ್ಟರು. ಎಡಗಾಲೂ ಒಳಗೆ ಬಂತು. ವರ್ಷ ಮುಗಿಯಿತು! ಮಳೆ, ಕೆಮ್ಮು, ಕಜ್ಜಾಯ, ಸ್ಕೂಟರ್ ಎಲ್ಲವನ್ನೂ ಗೆದ್ದಾಯಿತು. ಒಳಗೆ ಹೋಗಿ ಹೇಳುವಷ್ಟು ತಾಳ್ಮೆ ಉಳಿದಿರಲಿಲ್ಲ. ತುಳಸಿ ಕಟ್ಟೆಯ ಪಕ್ಕ ನಿಂತು, ಎಲೆ ಬಿಚ್ಚಿ, ಕಣ್ಣು ಮುಚ್ಚಿ, ಒಂದು ಇಡೀ ಒಬ್ಬಟ್ಟನ್ನು ಎರಡೇ ತುತ್ತಿಗೆ ಮುಗಿಸಿದರು. ಏಲಕ್ಕಿ ಗಂಟಲಿಗೆ ಇಳಿಯುವಾಗ ಅವರಿಗೆ ಯಾರ ಮೇಲೂ ದ್ವೇಷವಿರಲಿಲ್ಲ, ಲ್ಯಾಬಿನ ಹುಡುಗಿಯ ಮೇಲೆ ಕೂಡ.

ಕಣ್ಣು ತೆರೆದರೆ ಬಾಗಿಲಲ್ಲಿ ಸೀತಾ. ಹಿಂದೆ, ಮನೆಗೆ ಬಂದರೇ ಎಂದು ಮತ್ತೆ ವಿಚಾರಿಸಲು ಬಂದಿದ್ದ ಚನ್ನವೀರೇಶ್, ಕೈಯಲ್ಲಿ ಕಾಫಿ ಲೋಟ.

"ಈಗ್ ಬಂದ್ರಾ! ಫೋನೂ ಇಲ್ಲ, ದುಡ್ಡೂ ಇಲ್ಲ ಅಂತ ಜೀವ ಬಾಯಿಗೆ ಬಂದಿತ್ತು," ಎಂದ ಸೀತಾ ಕಣ್ಣಲ್ಲಿ ನೀರು ನಿಂತಿತ್ತು. "ಎಷ್ಟು ಕರೆದ್ರೂ ಗಾಡಿ ಹತ್ತಲಿಲ್ಲವಂತೆ. ಇವರು ಎಲ್ಲಾನೂ ಹೇಳಿದ್ರು. ನಾನು ನಿಮ್ಮನ್ನ ಏನೋ ಅಂದ್ಕೊಂಡಿದ್ದೆ ಕಣ್ರೀ." ಅಷ್ಟರಲ್ಲಿ ಅವರ ನೋಟ ಗಂಡನ ಮೀಸೆಗೆ ಬಂದು ನಿಂತಿತು. "ಅದೇನು ಮೀಸೆ ಮೇಲೆ ಹೊಳೀತಿರೋದು?"

"ತುಪ್ಪ," ಎಂದರು ವೆಂಕಟಗಿರಿ ಎದೆಯುಬ್ಬಿಸಿ. ಹೂವನ್ನು ಮುಂದೆ ಚಾಚಿದರು. "ಇವತ್ತಿಗೆ ವರ್ಷ ತುಂಬ್ತು! ಮಾರ್ಚ್ ಇಪ್ಪತ್ತೆರಡರಿಂದ ಮಾರ್ಚ್ ಇಪ್ಪತ್ತೊಂದು. ಬೇಕಾದ್ರೆ ಕ್ಯಾಲೆಂಡರ್ ನೋಡು."

ಸೀತಾ ಕ್ಯಾಲೆಂಡರ್ ನೋಡಲಿಲ್ಲ, ಗಂಡನನ್ನೇ ನೋಡಿದರು.

"ದೀಪ ಹಚ್ಚಿ ಹೇಳಿದ್ದು ಯುಗಾದಿ ದಿನ. ಯುಗಾದಿ ಹರಕೆ ಯುಗಾದಿಗೆ ತಾನೆ ತೀರೋದು? ದೇವರಿಗೆ ಯಾವ ಮಾರ್ಚು, ಯಾವ ಏಪ್ರಿಲ್ಲು? ನಡುವೆ ಅಧಿಕ ಮಾಸ ಬಂತಲ್ಲ, ಈ ವರ್ಷಕ್ಕೆ ಹದಿಮೂರು ತಿಂಗಳು. ಅಳಿಯಂದ್ರಿಗೆ ಮೂವತ್ತಮೂರು ಕಜ್ಜಾಯ ಕೊಟ್ಟಿದ್ದು ಮರೆತುಹೋಯ್ತಾ?"

ಮರೆಯುವುದೆಲ್ಲಿ ಬಂತು! ಒಂದೊಂದರ ಬಣ್ಣವೂ ನೆನಪಿತ್ತು. ಕಜ್ಜಾಯಗಳ ಜೊತೆಗೇ ಒಂದು ತಿಂಗಳೂ ಸೇರಿಕೊಂಡಿತ್ತೆಂಬುದು ಮಾತ್ರ ಹೊಳೆದಿರಲಿಲ್ಲ.

"ಹಾಗಾದ್ರೆ..."

"ಹಬ್ಬಕ್ಕೆ ಇನ್ನೂ ಹತ್ತೊಂಬತ್ತು ದಿನ ಇದೆ. ಸಿಹಿ ಇವತ್ತೇ ಬಾಯಿಗೆ ಬಿತ್ತು. ಲೆಕ್ಕ ಮೊದಲಿಂದ."

ಎದುರುಮನೆಯ ವರಾಂಡದಿಂದ ಜಗದಾಂಬಾ, "ನಾನು ಬೆಳಿಗ್ಗೇನೇ ಅಂದ್ಕೊಂಡೆ, ಏನೋ ಆಗಿದೆ ಅಂತ," ಎಂದರು.

ವೆಂಕಟಗಿರಿಯವರು ಕಟ್ಟೆಯ ಮೇಲೆ ಕುಸಿದು ಕೂತರು. ಆದರೆ ಎಷ್ಟು ಹುಡುಕಿದರೂ ದುಃಖ ಸಿಗಲಿಲ್ಲ. ಬಾಯಲ್ಲಿ ಏಲಕ್ಕಿ ಇನ್ನೂ ಇತ್ತು. ಬೆಳಗಿನ ನಡಿಗೆ ಹೇಗೂ ಬಿಡಲಾಗದ ಚಾಳಿ. ಒಂದು ವರ್ಷಕ್ಕೆ ಒಂದು ಒಬ್ಬಟ್ಟು ತೀರ ಕೆಟ್ಟ ವ್ಯಾಪಾರವೇನಲ್ಲ. ಎರಡಾದರೆ ಇನ್ನೂ ಒಳ್ಳೆಯದು.

"ಸೀತಾ," ಎಂದರು ಮೆಲ್ಲಗೆ, "ಹೊಸ ಲೆಕ್ಕ ಶುರುವಾಗೋದು ಯುಗಾದಿಯಿಂದ ತಾನೆ? ಹಾಗಾದ್ರೆ ಇವತ್ತು ಇನ್ನೊಂದು..." ಎನ್ನುತ್ತಾ ಪಕ್ಕದಲ್ಲಿಟ್ಟಿದ್ದ ಪೊಟ್ಟಣಕ್ಕೆ ಕೈ ಹಾಕಿದರು. ಕೈಗೆ ಬರಿಯ ಬಾಳೆಲೆ ಸಿಕ್ಕಿತು.

"ಸಾರ್, ನಿಮ್ಮ ಭಾರ ಇಳಿಸಿದೆ," ಎಂದರು ಚನ್ನವೀರೇಶ್, ತುಪ್ಪದ ಬೆರಳು ಚೀಪುತ್ತಾ.

ಸೀತಾ ಹೂವನ್ನು ಕಣ್ಣಿಗೊತ್ತಿಕೊಂಡು ಒಳಗೆ ಹೊರಟವರು ಹೊಸಿಲಲ್ಲಿ ನಿಂತು, ಗಂಡನ ಮುಖ ನೋಡಿ, ನಗು ತಡೆದುಕೊಂಡು ಸಮಾಧಾನ ಹೇಳಿದರು:

"ಹೆದರ್ಕೋಬೇಡಿ, ಬರೋ ವರ್ಷ ಅಧಿಕ ಮಾಸ ಇಲ್ಲ."